ತೋಳಿನ ಅಳತೆ

ತೋಳು ಚೆನ್ನಾಗಿ ಕೂತಿತ್ತು. ಪಡಸಾಲೆಯ ಮೂಲೆಯಲ್ಲಿ, ಹೆಂಗಸರ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಬಸವೇಶ್ವರಿಯ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಮಗಳು ಶೈಲಾ ಮಣೆಯ ಮೇಲೆ ಕೂತಿದ್ದಳು. ಏಳು ತಿಂಗಳ ಹೊಟ್ಟೆ, ಹಸಿರು ಇಳಕಲ್ ಸೀರೆ, ಎರಡೂ ಕೈ ತುಂಬ ಹಸಿರು ಬಳೆ, ಮೈಗೆ ಅಂಟಿದಂತೆ ಖಣದ ಕುಬಸ. ಏಳನೆಯ ತಿಂಗಳಿಗೆ ತವರಿನವರು ಬಸುರಿಗೆ ಹೊಸ ಕುಬಸ ತಂದು ತೊಡಿಸಿ ಉಡಿ ತುಂಬುತ್ತಾರೆ. ಕಾರ್ಯಕ್ಕೂ ಕುಬಸವೆಂದೇ ಹೆಸರು. ಇಳಕಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಹೊಲಿಗೆ ಮಷೀನು ತುಳಿದವಳು ಮಗಳ ಕುಬಸವನ್ನು ಇನ್ನೊಬ್ಬರ ಕೈಗೆ ಕೊಡುತ್ತಾಳೆಯೇ? ಮೊಣಕೈವರೆಗೆ ಇಳಿದ ತೋಳು, ಒಳಗೆ ಅಸ್ತರು, ಅಂಚಿಗೆ ಕೆಂಪು ಪಟ್ಟಿ, ಎಲ್ಲೂ ಒಂದು ಸುಕ್ಕಿಲ್ಲ. ಎಡತೋಳಿನ ಹಿಂಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆಯೊಂದು ಚರ್ಮಕ್ಕೆ ಅಂಟಿಕೊಂಡಿದೆಯೆಂದು ಬಲ್ಲವರಿಗೂ ಗೊತ್ತಾಗಬಾರದು, ಹಾಗೆ ಹೊಲಿದಿದ್ದಳು. ಬಾದಾಮಿಯ ಈ ಬೀಗರ ಮನೆಯಲ್ಲಿ ಸೇರಿದ್ದ ಮೂವತ್ತು ಹೆಂಗಸರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಆದರೆ ಆರತಿಗೆ ಐದು ಮಂದಿ ಮುತ್ತೈದೆಯರನ್ನು ಕರೆದಾಗ ಕುಬಸ ಹೊಲಿದ ಕೈಯನ್ನು ಯಾರೂ ಕರೆಯಲಿಲ್ಲ. ಗಂಡ ಸತ್ತವಳಿಗೆ ಈ ಕಾಲದಲ್ಲಿ ಯಾರೂ ಬ್ಯಾಡ ಅನ್ನುವುದಿಲ್ಲ, ಬರ್ರಿ ಅಂತಲೂ ಅನ್ನುವುದಿಲ್ಲ. ಕರೆಯುವುದಿಲ್ಲವೆಂದು ತಿಳಿದೇ ಅವಳು ಮೊದಲೇ ಹಿಂದೆ ಸರಿದು ನಿಂತಿದ್ದಳು, ಅವರಿಗೆ ಮುಜುಗರವಾಗಬಾರದೆಂದು.

ಸೊಂಟದ ಸಂಚಿಯಲ್ಲಿ ಫೋನು ನಡುಗಿತು. ಅದು ಶೈಲಾಳ ಫೋನು. ಮಣೆಯ ಮೇಲಿನ ಬಸುರಿ ಗಳಿಗೆಗೊಮ್ಮೆ ಫೋನು ನೋಡಿದರೆ ಮಂದಿ ಏನೆಂದಾರು ಎಂದು ನಿನ್ನೆಯಿಂದ ಬಸವೇಶ್ವರಿಯೇ ಇಟ್ಟುಕೊಂಡಿದ್ದಳು. ಅಡುಗೆಮನೆಯ ಬಾಗಿಲ ಮರೆಗೆ ಸರಿದು ನೋಡಿದಳು. ಅರವತ್ತೊಂದು. ಕೆಂಪು ಅಂಕಿ, ಪಕ್ಕದಲ್ಲಿ ಕೆಳಗೆ ಮುಖ ಮಾಡಿದ ಬಾಣ. ತೋಳಿನ ಬಿಲ್ಲೆಯಿಂದ ಒಳಗೆ ಇಳಿದ ಕೂದಲೆಳೆಯಂಥ ತಂತಿ ಮೈಯ ಸಕ್ಕರೆ ಅಳೆದು ನಿಮಿಷಕ್ಕೊಮ್ಮೆ ಫೋನಿಗೆ ಕಳಿಸುತ್ತದೆ. ಎಪ್ಪತ್ತರ ಕೆಳಗಿಳಿದರೆ ಫೋನು ಒದರಿಕೊಳ್ಳುತ್ತದೆ. ನಿನ್ನೆ ಸಂಜೆಯಿಂದ ಅದು ಒದರಿಕೊಳ್ಳುತ್ತಲೇ ಇತ್ತು. ಬಸವೇಶ್ವರಿ ಡಬ್ಬಿಯಿಂದ ಮೂರು ಚಮಚ ಸಕ್ಕರೆ ತೆಗೆದು ಲೋಟದ ನೀರಿಗೆ ಹಾಕಿ ಕಲಕಿದಳು. ಯಾರದೋ ಮನೆಯ ಸಕ್ಕರೆ ಡಬ್ಬಿಗೆ ಹೇಳದೆ ಕೇಳದೆ ಐದನೆಯ ಸಲ ಕೈ ಹಾಕುತ್ತಿದ್ದೇನೆ ಎಂದು ಕಿವಿ ಬಿಸಿಯಾಯಿತು. ಹಿಂದಿನಿಂದ ಬೀಗತಿ ಸಿದ್ದಲಿಂಗವ್ವನ ದನಿ ಬಂತು: "ಏನ್ ಬೇಕಾಗಿತ್ರಿ ಬೀಗರ?" ಅವಳು ಬೆಚ್ಚಿ, "ಪಾನಕರಿ. ಹುಡುಗಿ ಬಾಯಿ ಒಣಗಿದಂಗ ಆಗೈತಿ ಅಂದ್ಲು," ಎಂದಳು. ಸುಳ್ಳೇನೂ ಆಗಿರಲಿಲ್ಲ. ಮಗಳು ಬೆಳಗಿನಿಂದ ಅದನ್ನೇ ಹೇಳುತ್ತಿದ್ದಳು.

ಬಾಗಲಕೋಟೆಯ ಡಾಕ್ಟರು ಎರಡು ತಿಂಗಳ ಹಿಂದೆ ಕಾಗದದ ಮೇಲಿಂದ ಕಣ್ಣೆತ್ತದೆ ಹೇಳಿದ್ದರು: "ಇದು ಬಸುರಿನಾಗ ಬಂದು ಹೋಗೋ ಸಕ್ಕರಿ ಅಲ್ರಿ. ಈಕಿ ಮೈಯಾಗ ಇನ್ಸುಲಿನ್ ಆಗೂದ ನಿಂತೈತಿ. ಊಟಕ್ಕ ಮೂರು ಸಲ, ಮಲಗೂಮುಂದ ಒಂದು ಸಲ ಚುಚ್ಚಬೇಕು. ಹುಟ್ಟೋ ಕೂಸಿನ ಸಲುವಾಗ್ಯಾದ್ರೂ ಭಾಳ ಹುಷಾರಿ ಇರ್ರಿ." ಸಕ್ಕರೆ ಏರಿದರೆ ಏನಾಗುತ್ತದೆ, ಇಳಿದರೆ ಏನಾಗುತ್ತದೆ ಎಂದು ಎರಡನ್ನೂ ಅವರು ಹೇಳಿದ್ದರು. ಬಸವೇಶ್ವರಿಯ ಕಿವಿಗೆ ಬಿದ್ದದ್ದು ಇಳಿದರೆ ಆಗುವುದು ಮಾತ್ರ. ಏಕೆಂದರೆ ಅದನ್ನು ಅವಳು ಕಂಡಿದ್ದಳು. ಗಂಡ ಈರಪ್ಪ ಒಂದು ಮುಂಜಾನೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಉಣ್ಣದೆ ಮಗ್ಗದ ಕುಣಿಯಲ್ಲಿ ಕೂತವನು, ಹಾಸಿನ ನೂಲಿನ ಮೇಲೆ ಮುಖವಿಟ್ಟು ಮಲಗಿಬಿಟ್ಟಿದ್ದ. ಮೈಯೆಲ್ಲ ಬೆವರು, ಅಂಗಿ ಹಿಂಡಿದರೆ ನೀರು ಬರುವಂತೆ. ಬಾಯಿಗೆ ಸಕ್ಕರೆ ತುರುಕಿದ ಮೇಲೆ ಕಣ್ಣು ಬಿಟ್ಟು, ನೂಲು ತೊಯ್ದಿತೇನು ಎಂದು ಕೇಳಿದ್ದ. ಅವನು ಸತ್ತದ್ದು ಅದರಿಂದಲ್ಲ, ನಾಲ್ಕು ವರ್ಷದ ನಂತರ ಕಾಲು ಕೊಳೆತು. ಆದರೆ ಶೈಲಾಳ ಮದುವೆಯ ಮಾತುಕತೆಗೆ ಬಂದ ಇದೇ ಸಿದ್ದಲಿಂಗವ್ವ, "ಹುಡುಗೀ ಅಪ್ಪಗ ಏನಾಗಿತ್ರಿ?" ಎಂದಾಗ ಬಸವೇಶ್ವರಿ, "ಎದಿ ನೋವು ಬಂದು ಹೋದ್ರು," ಎಂದಿದ್ದಳು. ಸಿದ್ದಲಿಂಗವ್ವ ತಲೆಯಾಡಿಸಿ, "ಹಂಗಾರ ಛಲೋ ಆತು. ನಮ್ಮ ಮನೆತನದಾಗ ಸಕ್ಕರಿ ಗಿಕ್ಕರಿ ಯಾರಿಗೂ ಇಲ್ಲ ನೋಡ್ರಿ," ಎಂದಿದ್ದಳು. ಒಂದು ಸುಳ್ಳಿಗೆ ಹಾಕಿದ ಗಂಟನ್ನು ಬಿಚ್ಚದೆ ಮೂರು ವರ್ಷ ಸಂಸಾರ ನಡೆದಿತ್ತು. ಈಗ ಮಗಳಿಗೇ ರೋಗ ಬಂದಾಗ, ರಕ್ತ ಕಡಿಮೆ ಇದೆ, ವಿಶ್ರಾಂತಿ ಬೇಕು ಎಂದು ಹೇಳಿ ಅವಳನ್ನು ಇಳಕಲ್ಲಿಗೆ ಕರೆದುಕೊಂಡು ಬಂದಿದ್ದಳು. ನಿಜ ಬಲ್ಲವರು ಅವರಿಬ್ಬರು, ಮೂರನೆಯವನು ಅಳಿಯ ಸಂತೋಷಕುಮಾರ.

ಪಾನಕವೆಂಬ ಆ ಸಕ್ಕರೆ ನೀರನ್ನು ಶೈಲಾ ಒಂದೇ ಗುಟುಕಿಗೆ ಕುಡಿದು ಲೋಟ ಕೊಡುವಾಗ ತಾಯಿಯ ಮುಂಗೈ ಹಿಡಿದಳು. "ಅವ್ವ, ನನಗ ಇಳಿದಂಗ ಅನಸವಲ್ದು. ಬರೇ ನೀರು ಬೇಕಂತೈತಿ. ಎಷ್ಟು ಕುಡಿದ್ರೂ ಸಾಲವಲ್ದು." ಬಸವೇಶ್ವರಿ ಬಾಗಿ, ಸೆರಗು ಸರಿಪಡಿಸುವವಳಂತೆ ಕಿವಿಯಲ್ಲಿ ಹೇಳಿದಳು: "ಅರವತ್ತೊಂದು ಐತೆವ್ವ. ಸುಮ್ನ ಕುಂಡ್ರು." ಮಗಳ ಕೈ ಒಣಗಿತ್ತು. ಹಣೆ ಒಣಗಿತ್ತು. ಕುಂಕುಮ ಹಚ್ಚಿದ ಕಡೆ ಒಂದು ಹನಿ ಬೆವರಿರಲಿಲ್ಲ. ಈರಪ್ಪನ ಅಂಗಿ ಒಂದು ಕ್ಷಣ ಅವಳ ಕೈಗೆ ತಣ್ಣಗೆ ತಾಗಿದಂತಾಯಿತು. ಅವಳು ಆ ನೆನಪನ್ನು ಪಕ್ಕಕ್ಕೆ ಸರಿಸಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಬಸವೇಶ್ವರಿಗೆ ಬೇಕಾಗಿತ್ತು, ಕನ್ನಡಿ ಅವಳ ಸಂಚಿಯಲ್ಲೇ ಇತ್ತು. ಇಪ್ಪತ್ತೆರಡು ವರ್ಷ ಅಂಗಡಿಗೆ ಬಂದ ಹೆಂಗಸರೆಲ್ಲ ಹೇಳುವುದು ಒಂದೇ: ಬಿಗಿ ಆತು, ಉಸಿರು ಕಟ್ಟತೈತಿ, ನಾ ಇಷ್ಟು ದಪ್ಪ ಇಲ್ಲ, ನಾ ಇಷ್ಟು ತೆಳ್ಳಗ ಇಲ್ಲ. ಅವರಿಗೆಲ್ಲ ಅವಳದೂ ಒಂದೇ ಉತ್ತರ: "ಮೈ ಸುಳ್ಳು ಹೇಳತೈತಿ, ಟೇಪು ಹೇಳೂದಿಲ್ಲ." ಊರಲ್ಲಿ ಅದು ಅವಳ ಗಾದೆಯೇ ಆಗಿಹೋಗಿತ್ತು. ಹುನಗುಂದದಿಂದ ಬಸ್ಸು ಹತ್ತಿ ಬರುವವರೂ ಅವಳ ತೋಳಿನ ಹೊಲಿಗೆಗೆ ಬರುತ್ತಿದ್ದರು.

ಇದೇ ತೋಳಿನ ಬಗ್ಗೆ ಅಬೇದಾ ಕೂಡ ಒಂದು ಮಾತು ಅಂದಿದ್ದಳು. ಹತ್ತು ವರ್ಷದಿಂದ ಅಂಗಡಿಯಲ್ಲಿ ಕೈಹೊಲಿಗೆ, ಗುಂಡಿ, ಫಾಲು ನೋಡಿಕೊಳ್ಳುವ ಅಬೇದಾ, ಶೈಲಾ ಕುಬಸ ತೊಟ್ಟು ನೋಡುವಾಗ ಎದುರಿಗೇ ಕೂತಿದ್ದಳು. ಬಿಲ್ಲೆಯ ಮೇಲೆ ಬಟ್ಟೆ ಉಬ್ಬಿದಂತೆ ಕಂಡು ಬಸವೇಶ್ವರಿ ಒಳಕೋಣೆಯಲ್ಲಿ ಕುಬಸ ತೆಗೆಸಿ, ತೋಳನ್ನು ಬಿಚ್ಚಿ, ಎರಡೆಳೆ ಒಳಗೆ ಹಿಡಿದು, ಜೋಡಿ ಹೊಲಿಗೆ ಹಾಕಿ ಮತ್ತೆ ತೊಡಿಸಿದಳು. ಉಬ್ಬು ಅಡಗಿತು. ಬಿಲ್ಲೆಯ ವಿಷಯ ತಿಳಿಯದ ಅಬೇದಾ ಸೂಜಿಯನ್ನು ತುಟಿಯಿಂದ ತೆಗೆದು, "ಅಕ್ಕಾರ, ತೋಳು ಬಿಗಿ ಆಗೂದಿಲ್ಲೇನ್ರಿ? ಬಸುರಿ ಮೈ, ಬಾವು ಬರತೈತಿ. ಒಂದು ಸೂತಿನಷ್ಟು ಬಿಡ್ರಿ," ಎಂದಳು. "ಒಳಗ ಮಾರ್ಜಿನ್ ಇಟ್ಟೇನಿ, ಆಮ್ಯಾಲೆ ಬಿಡೂಣು. ಕಾರ್ಯದ ದಿನ ಮಾತ್ರ ಹಿಂಗ ಇರ್ಲಿ," ಎಂದು ಬಸವೇಶ್ವರಿ ಹೇಳಿದ್ದಳು. ದಾರಿಗೆಂದು ತೊಡಿಸಿದ ಇನ್ನೊಂದು ಕುಬಸಕ್ಕೂ ಅದೇ ಅಳತೆ ಇಟ್ಟಿದ್ದಳು. ದವಾಖಾನೆಯಲ್ಲಿ ಬಿಲ್ಲೆ ಅಂಟಿಸಿದ ಹುಡುಗಿ, "ಆ ತೋಳಿನ ಮ್ಯಾಲೆ ಭಾರ ಹಾಕಬ್ಯಾಡ್ರಿ, ಆ ಮಗ್ಗಲಾಗಿ ಮಲಗಬ್ಯಾಡ್ರಿ," ಎಂದದ್ದು ನೆನಪಿತ್ತು. ಒಡೆದೀತು, ಕಿತ್ತು ಬಂದೀತು ಎಂದು ಹಾಗೆ ಹೇಳಿದಳೆಂದು ಅವಳ ತಿಳಿವಳಿಕೆ. ಬಿಗಿಯಾದ ತೋಳು ಅದನ್ನು ಅಲುಗಾಡದಂತೆ ಕಾಯುತ್ತದೆ ಎಂದು ಒಳಗೊಳಗೇ ಹೆಮ್ಮೆ ಕೂಡ ಪಟ್ಟಿದ್ದಳು.

ನಿನ್ನೆ ಸಂಜೆ ಬಾದಾಮಿಗೆ ಬಂದು ಇಳಿಯುವ ಹೊತ್ತಿಗೆ ಫೋನು ಅರವತ್ತೆಂಟು ಎಂದಿತ್ತು. ಬೆಲ್ಲ ಕೊಟ್ಟಳು. ಅರವತ್ತಾರು ಎಂದಿತು. ಬಾಳೆಹಣ್ಣು ಕೊಟ್ಟಳು. ಮಲಗುವ ಹೊತ್ತಿಗೆ ಅರವತ್ನಾಲ್ಕು ಇದ್ದಾಗ, ಇಷ್ಟು ಕಡಿಮೆ ಇರುವವಳಿಗೆ ಇನ್ಸುಲಿನ್ ಚುಚ್ಚಿದರೆ ಬೆಳಿಗ್ಗೆ ಏಳುತ್ತಾಳೆಯೇ ಎಂದು ಹೆದರಿ ಆ ಚುಚ್ಚುಮದ್ದಿನ ಪೆನ್ನನ್ನು ಚೀಲದ ತಳಕ್ಕೆ ಸೇರಿಸಿದಳು. ಮನೆ ತುಂಬ ನೆಂಟರು, ಕೋಣೆಯಲ್ಲಿ ಆರು ಮಂದಿ ಹೆಂಗಸರು ಮಲಗಿದ್ದರು. ಶೈಲಾ ಕುಬಸ ತೆಗೆಯದೆ ಹಾಗೇ ಮಲಗಿದಳು, ತೋಳು ಯಾರಿಗೂ ಕಾಣಬಾರದಲ್ಲ. ಬೆಳಿಗ್ಗೆ ಉಪ್ಪಿಟ್ಟಿನ ಹೊತ್ತಿಗೆ ಮತ್ತೆ ಕೆಂಪು ಅಂಕಿ. ಮತ್ತೆ ಪೆನ್ನು ಒಳಗೆ. ಮಧ್ಯಾಹ್ನ ಸಂತೋಷಕುಮಾರ ಕಟ್ಟೆಯ ಮೇಲಿನ ಗಂಡಸರ ನಡುವಿನಿಂದ ಎದ್ದು ಬಂದು, ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ, "ಅತ್ತಿಯರ, ಇಂಜೆಕ್ಷನ್ ಆತೇನ್ರಿ?" ಎಂದು ಕೇಳಿದ್ದ. "ಕಡಿಮಿ ಐತಿ. ನಾ ನೋಡ್ಕೋತೇನಿ, ನೀವು ಮಂದಿ ಕಡೆ ನೋಡ್ರಿ," ಎಂದಾಗ ಅವನ ಮುಖದಲ್ಲಿ ನಿರಾಳ ಕಂಡಿತ್ತು. ಬೀಜ ಗೊಬ್ಬರದ ಅಂಗಡಿಯವನು, ಒಳ್ಳೆಯ ಹುಡುಗ. ನೋಡಿಕೊಳ್ಳುವವರು ಇದ್ದಾರೆಂದರೆ ನಂಬುವವನು.

ಬೆರಳು ಚುಚ್ಚಿ ರಕ್ತ ನೋಡುವ ಸಣ್ಣ ಮಷೀನು ಇಳಕಲ್ಲಿನ ಮನೆಯಲ್ಲಿ, ಹೊಲಿಗೆ ಮಷೀನಿನ ಖಾನೆಯಲ್ಲಿ ಉಳಿದಿತ್ತು. ಉಳಿದಿತ್ತು ಎಂದರೆ ತಪ್ಪು. ಶೈಲಾ ಅದನ್ನು ಚೀಲದಲ್ಲಿ ಇಟ್ಟುಕೊಂಡಿದ್ದಳು, ಬಸವೇಶ್ವರಿ ತೆಗೆದಿಟ್ಟಿದ್ದಳು. ಪಟ್ಟಿಗಳ ಡಬ್ಬಿ, ಸೂಜಿ, ರಕ್ತ ಒರೆಸಿದ ಹತ್ತಿ, ಇವು ಯಾರ ಕಣ್ಣಿಗಾದರೂ ಬಿದ್ದರೆ? "ಅನುಮಾನ ಬಂದ್ರ ಬೆರಳು ಚುಚ್ಚಿ ನೋಡ್ರಿ ಅಂದಾರವ್ವ ಡಾಕ್ಟರು," ಎಂದಿದ್ದಳು ಶೈಲಾ. "ತೋಳಿನಾಗ ಒಂದು ಐತೆಲ್ಲ, ಮತ್ತ ಅದ್ಯಾಕ. ಎರಡು ದಿನದ ಮಾತು." ಶೈಲಾ ಹೂಂ ಎಂದು ಚೀಲದ ಬಾಯಿ ಕಟ್ಟಿದ್ದಳು. ಅವಳು ಯಾವಾಗಲೂ ಹಾಗೆ. ಸಣ್ಣವಳಿದ್ದಾಗ ಸಾಲೆಯ ಕುಪ್ಪಸ ಕಂಕುಳಲ್ಲಿ ಕಚ್ಚುತ್ತದೆ ಎಂದು ಒಂದು ಸಲ ಹೇಳಿ, ಅವ್ವ ಟೇಪು ಹಿಡಿದು ತೋರಿಸಿದ ಮೇಲೆ ಇಡೀ ವರ್ಷ ಅದನ್ನೇ ತೊಟ್ಟಿದ್ದಳು. ವರ್ಷದ ಕೊನೆಗೆ ಸ್ನಾನ ಮಾಡಿಸುವಾಗ ಬಸವೇಶ್ವರಿ ಆ ಕಂಕುಳ ಕೆಳಗೆ ಕಪ್ಪು ಗೆರೆ ನೋಡಿದ್ದಳು. ನೋಡಿ ಏನೂ ಅನ್ನದೆ ನೀರು ಹೊಯ್ದಿದ್ದಳು. ಅದು ಈಗ ಯಾಕೆ ನೆನಪಾಗಬೇಕು.

ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನ ಬೇರು, ಎಲೆ ಅಡಿಕೆ. ಐದು ಬಗೆಯ ಸಿಹಿಯನ್ನು ಮುಂದಿಟ್ಟು ಒಬ್ಬೊಬ್ಬರೇ ಬಂದು ಬಸುರಿಯ ಬಾಯಿಗೆ ಇಟ್ಟರು. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕರಚಿಕಾಯಿ. ಶೈಲಾ ತಾಯಿಯ ಕಡೆ ನೋಡಿದಳು. ಬಸವೇಶ್ವರಿ ಹೂಂ ಎಂದು ಕಣ್ಣಲ್ಲೇ ಹೇಳಿದಳು. ಸದ್ಯ ಕಡಿಮೆಯೇ ಇದೆ, ದೇವರು ಇವತ್ತು ತಿನ್ನಲಿಕ್ಕೆ ಬಿಟ್ಟಿದ್ದಾನೆ ಎಂದುಕೊಂಡಳು. ಎರಡು ತಿಂಗಳಿಂದ ಸಿಹಿ ಮುಟ್ಟದ ಹುಡುಗಿ, ಎಲ್ಲರ ಕೈಯಿಂದಲೂ ತಿನ್ನುವುದನ್ನು ಕಂಡು ಅವಳ ಎದೆ ತುಂಬಿ ಬಂದದ್ದೂ ನಿಜ. ಪದ್ಮವ್ವ ಎಂಬ ಮುದುಕಿ ಹತ್ತಿರ ಬಂದು ಶೈಲಾಳ ಎಡತೋಳನ್ನೇ ಹಿಡಿದು ಹಿಸುಕಿ, "ಕುಬಸ ಯಾರು ಹೊಲಿದಾರವ್ವ, ತೊಗಲಿಗೆ ತೊಗಲು ಕೂತಂಗ ಕೂತೈತಿ," ಎಂದಾಗ ಶೈಲಾ ಕಣ್ಣು ಮುಚ್ಚಿ, "ನಮ್ಮವ್ವ," ಎಂದಳು. ಎಲ್ಲರೂ ತಿರುಗಿ ನೋಡಿದರು. ಆ ಒಂದು ಗಳಿಗೆ ಬಸವೇಶ್ವರಿ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ನಿಂತಳು. ಆರತಿಗೆ ಕರೆಯದ ಹೊಟ್ಟೆಯುರಿಯನ್ನು ಆ ಮಾತು ತಣಿಸಿತ್ತು. ಮುಂದೆ ಅವಳಿಗೆ ಇಡೀ ದಿನದಲ್ಲಿ ಅತ್ಯಂತ ಅಸಹ್ಯವಾಗಿ ಕಾಡಿದ್ದು ಆ ಎರಡು ಹೆಜ್ಜೆ.

ಆಮೇಲೆ ಶೈಲಾ ಹಿತ್ತಲಿಗೆ ಹೋದಳು. ಬಂದಳು, ಮತ್ತೆ ಹೋದಳು. ಬಸುರಿಗೆ ಇದ್ದದ್ದೇ ಎಂದು ಹೆಂಗಸರು ನಕ್ಕರು. ಮೂರನೆಯ ಸಲ ಬಂದವಳು ಮಣೆಯ ಮೇಲೆ ಕೂಡದೆ ಕಂಬ ಹಿಡಿದು ನಿಂತಳು. ಓಡಿ ಬಂದವಳಂತೆ ಉಸಿರಾಡುತ್ತಿದ್ದಳು, ಆಳವಾಗಿ, ಒಂದರ ಹಿಂದೆ ಒಂದು. ಬಸವೇಶ್ವರಿ ಹತ್ತಿರ ಹೋದಾಗ ಅವಳ ಬಾಯಿಂದ ವಿಚಿತ್ರವಾದ ವಾಸನೆ ಬಂತು, ಬುಟ್ಟಿಯ ತಳದಲ್ಲಿ ಕೊಳೆತ ಪೇರಲ ಹಣ್ಣಿನದು. ಫೋನು ತೆಗೆದಳು. ಐವತ್ತೊಂಬತ್ತು. "ಸಕ್ಕರಿ ತರ್ತೇನಿ ತಡಿ," ಎಂದಳು. ಶೈಲಾ ತಲೆಯಾಡಿಸಿ ಬೇಡವೆಂದಳು, "ಅವ್ವ, ತೋಳು ಬಿಚ್ಚು," ಎಂದಳು. "ಮಂದಿ ಅದಾರಲ್ಲವ್ವ. ಇನ್ನೊಂದು ತಾಸು." ಅಷ್ಟರಲ್ಲಿ ಶೈಲಾ ಬಗ್ಗಿ, ಉಡಿಯ ಅಕ್ಕಿಯ ಮೇಲೇ ವಾಂತಿ ಮಾಡಿಕೊಂಡಳು. ಹೋಳಿಗೆ, ಪಾನಕ, ಹಳದಿ ನೀರು. ಮತ್ತೆ ಮತ್ತೆ. ಕೊನೆಗೆ ಕಂಬದ ಬುಡದಲ್ಲಿ ಕೂತು, ತಲೆ ಎದೆಯ ಮೇಲೆ ಇಳಿಬಿಟ್ಟಳು.

ಬಸವೇಶ್ವರಿ ಹೇಳಿದಳು. ಹೇಳಬೇಕೆಂದು ನಿಶ್ಚಯಿಸಿ ಹೇಳಿದ್ದಲ್ಲ. ಮೂವತ್ತು ಹೆಂಗಸರ ನಡುವೆ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಬಾಯಿ ತಾನೇ ಆಡಿತು. "ಅಕಿಗೆ ಸಕ್ಕರಿ ಐತ್ರಿ. ದಿನಾ ಇಂಜೆಕ್ಷನ್ ಐತ್ರಿ. ಇವತ್ತ ಭಾಳ ಕಡಿಮಿ ಆಗೈತಿ, ಎಷ್ಟು ತಿಂದ್ರೂ ಏರವಲ್ದು. ಯಾರರೆ ಡಾಕ್ಟರನ್ನ ಕರೀರಿ." ಯಾರೋ, ಅಯ್ಯ ಶಿವನೇ ಎಂದರು. ಯಾರೋ ಇನ್ನೊಬ್ಬರ ಕಿವಿಗೆ ಏನೋ ಹೇಳಿದರು. ಅವಳು ಸಿದ್ದಲಿಂಗವ್ವನ ಮುಖ ನೋಡಲಿಲ್ಲ. ಕಣ್ಣೆತ್ತಿದಾಗ ಸಿದ್ದಲಿಂಗವ್ವ ಅಲ್ಲಿರಲಿಲ್ಲ. ಸಿಟ್ಟಿನಿಂದ ಒಳಗೆ ಹೋದಳು, ಇನ್ನು ಈ ಮನೆಯಲ್ಲಿ ಮಗಳ ಬಾಳು ಮುಗಿಯಿತು ಎಂದು ಬಸವೇಶ್ವರಿ ಅಂದುಕೊಂಡಳು. ಮಗಳ ಉಸಿರು ಹೀಗೆ ಏದುಸಿರಾಗಿರುವಾಗಲೂ ಅದೇ ಚಿಂತೆ ಮೊದಲು ಬಂತಲ್ಲ ಎಂದು ಮರುಗಳಿಗೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒಳಗೆ ಟ್ರಂಕಿನ ಮುಚ್ಚಳದ ಸದ್ದಾಯಿತು. ಸಿದ್ದಲಿಂಗವ್ವ ಸಣ್ಣ ಕಪ್ಪು ಚೀಲ ಹಿಡಿದು ಬಂದು ಎದುರಿಗೆ ಕೂತಳು. ಚೀಲದ ಬಾಯಿ ತೆರೆದು, ಪಟ್ಟಿಯನ್ನು ಮಷೀನಿಗೆ ಸಿಕ್ಕಿಸಿ, ಶೈಲಾಳ ಬೆರಳು ಒರೆಸಿ, ಚುಚ್ಚಿ, ರಕ್ತದ ಹನಿಯನ್ನು ಪಟ್ಟಿಗೆ ತಾಗಿಸಿದಳು. ಒಂದು ಚಲನೆಯೂ ತಪ್ಪಲಿಲ್ಲ. ಎಷ್ಟೋ ವರ್ಷದ ರೂಢಿಯ ಕೈ ಯಾವುದೆಂದು ಬಸವೇಶ್ವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಮಷೀನು ಅಂಕಿ ತೋರಿಸಲಿಲ್ಲ. ಎರಡು ಇಂಗ್ಲಿಷ್ ಅಕ್ಷರ ತೋರಿಸಿತು. "ಆರುನೂರು ದಾಟಿದ್ರ ಹಿಂಗ ತೋರಸತೈತಿ," ಎಂದಳು ಸಿದ್ದಲಿಂಗವ್ವ. "ಕಡಿಮಿ ಅಲ್ಲ ಬೀಗರ. ಏರೇತಿ. ಅಳತಿಗೆ ಸಿಗಲಾರದಷ್ಟು ಏರೇತಿ." ಬಸವೇಶ್ವರಿಯ ಕೈಯಲ್ಲಿದ್ದ ಫೋನು ಆಗಲೂ ನಡುಗಿತು. ಅರವತ್ತು. ಅವಳು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು, ಅಂಗಡಿಯಲ್ಲಿ ಎರಡು ಟೇಪು ಬೇರೆ ಬೇರೆ ಅಳತೆ ತೋರಿಸಿದಾಗ ನೋಡುವ ಹಾಗೆ.

ಕಾರನ್ನು ಸಂತೋಷಕುಮಾರನೇ ಓಡಿಸಿದ. ಹಿಂದಿನ ಸೀಟಿನಲ್ಲಿ ಶೈಲಾ ತಾಯಿಯ ತೊಡೆಯ ಮೇಲೆ, ಕಾಲು ಸಿದ್ದಲಿಂಗವ್ವನ ತೊಡೆಯ ಮೇಲೆ. ಬಾದಾಮಿಯ ಕೆಂಪು ಗುಡ್ಡ ಹಿಂದೆ ಸರಿಯಿತು. ಕೆರೂರಿನಲ್ಲಿ ವಾರದ ಸಂತೆ. ಮೆಣಸಿನಕಾಯಿ ಚೀಲದ ಟೆಂಪೊ ಅಡ್ಡ ನಿಂತು ಹತ್ತು ನಿಮಿಷ ಹೋಯಿತು. ಸಂತೋಷಕುಮಾರ ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ. ಅವನು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ, ಒಂದು ಮಾತು ಬೈಯಲಿಲ್ಲ; ಬೈದಿದ್ದರೆ ಬಸವೇಶ್ವರಿ ಒಮ್ಮೆ ಉಸಿರು ಬಿಡುತ್ತಿದ್ದಳೇನೋ. ಸಂತೆ ದಾಟಿದ ಮೇಲೆ ಸಿದ್ದಲಿಂಗವ್ವ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ನನಗೂ ಐತ್ರಿ. ಹನ್ನೊಂದು ವರ್ಷ ಆತು. ಮನ್ಯಾಗ ಗ್ಯಾಸಿನ ಗುಳಿಗಿ ಅಂತ ಹೇಳಿ ನುಂಗತೇನಿ. ಇವಗೂ ಗೊತ್ತಿಲ್ಲ." ಕಾರು ಒಂದು ಕ್ಷಣ ನಿಧಾನವಾಗಿ ಮತ್ತೆ ಓಡಿತು. "ಹೆಣ್ಣು ಕೇಳಾಕ ಬಂದಾಗ ಹಂಗ್ಯಾಕ ಅಂದೆನೊ. ಅನ್ನಬೇಕನಸ್ತು, ಅಂದೆ. ನೀವು ನಿನ್ನೀನ ಒಂದು ಮಾತು ಹೇಳಿದ್ರ, ಮಷೀನು ನನ್ನ ಟ್ರಂಕಿನಾಗ ಇತ್ತಲ್ಲರಿ." ನಿನ್ನೆ ರಾತ್ರಿ ಬಸವೇಶ್ವರಿ ಮಲಗಿದ್ದು ಆ ಟ್ರಂಕಿನ ಪಕ್ಕದಲ್ಲಿ. ತಲೆದಿಂಬು ಸಾಲದೆ ಅದಕ್ಕೆ ತಲೆ ಆನಿಸಿ ಮಲಗಿದ್ದಳು.

ಬಾಗಲಕೋಟೆಯ ದವಾಖಾನೆಯ ತುರ್ತು ಕೋಣೆಯಲ್ಲಿ ನರ್ಸು ಸಲಾಯಿನ್ ಹಾಕಲು ಎಡತೋಳಿನಲ್ಲಿ ನರ ಹುಡುಕಿದಳು. ಕುಬಸದ ತೋಳು ಮೇಲೆ ಸರಿಯಲಿಲ್ಲ. ಎಳೆದಳು, ಬರಲಿಲ್ಲ. "ಯಾರ್ರಿ ಇಷ್ಟು ಬಿಗಿ ಹೊಲಿದವರು," ಎಂದು ಗೊಣಗಿ, ಟ್ರೇಯಿಂದ ಕತ್ತರಿ ತೆಗೆದಳು. "ಕೊಡ್ರಿ, ನಾ ಬಿಚ್ತೇನಿ," ಎಂದಳು ಬಸವೇಶ್ವರಿ. ಕತ್ತರಿ ತೆಗೆದುಕೊಂಡಳು. ಎಲ್ಲಿ ಹೊಲಿಗೆ ಎಲ್ಲಿ ಗಂಟು ಎಂದು ಅವಳ ಬೆರಳಿಗೆ ಕಣ್ಣು ಬೇಕಿರಲಿಲ್ಲ. ಕತ್ತರಿಯ ತುದಿಯನ್ನು ಜೋಡಿ ಹೊಲಿಗೆಯ ಮೊದಲ ಎಳೆಗೆ ತೂರಿಸಿ ಕಿತ್ತಳು, ಎರಡನೆಯದನ್ನು ಕಿತ್ತಳು, ಮೂರನೆಯದನ್ನು. ಖಣ ಹಾಳಾಗದಂತೆ, ಮಾರ್ಜಿನ್ ಕೆಡದಂತೆ, ಆಮೇಲೆ ಬಿಡಲಿಕ್ಕೆ ಬರುವಂತೆ. ನರ್ಸು ಒಂದು ಕ್ಷಣ ನೋಡಿದಳು. "ಏನ್ ಮಾಡಾಕತ್ತೀರಿ ನೀವು," ಎಂದು ಕತ್ತರಿಯನ್ನು ಕಿತ್ತುಕೊಂಡು, ಕೆಂಪು ಪಟ್ಟಿಯಿಂದ ಭುಜದವರೆಗೆ ಒಂದೇ ಸಲಕ್ಕೆ ಸೀಳಿದಳು. ಬಟ್ಟೆ ಸೀಳುವ ಆ ಸದ್ದು ಬಸವೇಶ್ವರಿಗೆ ದಿನಾ ಕೇಳುವ ಸದ್ದು. ತೋಳಿನ ಮಾಂಸ ಹೊರಗೆ ಬಂತು, ಬಿಳಿಚಿಕೊಂಡು, ಹೊಲಿಗೆಯ ಗೆರೆ ಉದ್ದಕ್ಕೂ ಮೂಡಿಕೊಂಡು. ಬಿಲ್ಲೆ ಚರ್ಮದೊಳಗೆ ಹೂತಿತ್ತು, ಸುತ್ತ ಉಂಗುರದಂತೆ ಕೆಂಪು ತಗ್ಗು.

ಡಾಕ್ಟರು ಬಂದು ನೋಡಿದರು. ರಕ್ತ, ಮೂತ್ರ, ಉಸಿರು. ಬಿಲ್ಲೆಯನ್ನೂ, ಸೀಳಿದ ತೋಳನ್ನೂ ನೋಡಿದರು. "ಇದನ್ನ ಒತ್ತಿ ಹಿಡದ್ರ ಖರೆ ಇದ್ದದ್ದಕ್ಕಿಂತ ಕಡಿಮಿ ತೋರಸತೈತ್ರಿ. ಅದಕ್ಕ ಆ ಮಗ್ಗಲಾಗಿ ಮಲಗಬ್ಯಾಡ್ರಿ ಅಂತ ಹೇಳಿರ್ತೇವಿ. ಇನ್ಸುಲಿನ್ ಯಾವಾಗ ತಗೊಂಡಾಳ?" ಬಸವೇಶ್ವರಿ ಎಣಿಸಿದಳು. "ನಿನ್ನೆ ಮಧ್ಯಾಹ್ನರಿ." "ಆಮ್ಯಾಲೆ?" "ಇಲ್ರಿ." "ಯಾಕ?" ಅವಳು ಫೋನನ್ನು ಮುಂದೆ ಹಿಡಿದಳು, ಶಾಲೆಯಲ್ಲಿ ಪಾಟಿ ತೋರಿಸುವ ಹುಡುಗಿಯಂತೆ. ಡಾಕ್ಟರು ಅದನ್ನು ನೋಡಲಿಲ್ಲ.

ಇನ್ನೊಬ್ಬ ನರ್ಸು ಕೂಸಿನ ಎದೆಬಡಿತ ಕೇಳಿಸುವ ಸಣ್ಣ ಮಷೀನನ್ನು ಶೈಲಾಳ ಹೊಟ್ಟೆಯ ಮೇಲೆ ಇಟ್ಟಳು. ಗಾಳಿ ಬೀಸಿದಂಥ ಸದ್ದು. ಸ್ವಲ್ಪ ಎಡಕ್ಕೆ ಸರಿಸಿದಳು. ಕೆಳಗೆ. ಹೊಕ್ಕುಳ ಪಕ್ಕ. "ಇನ್ನೊಮ್ಮೆ ನೋಡ್ತೇನಿ," ಎಂದಳು ಯಾರಿಗೋ. ಬಸವೇಶ್ವರಿಯ ಕೈಯಲ್ಲಿ ಫೋನು ಮಿನುಗಿತು. ತೊಂಬತ್ತೆರಡು. ಬಿಗಿ ಬಿಟ್ಟ ತೋಳಿಗೆ ರಕ್ತ ಹರಿಯತೊಡಗಿತ್ತು. ನೂರಾ ನಲವತ್ತು. ನರ್ಸು ಇನ್ನಷ್ಟು ಮುಲಾಮು ಹಚ್ಚಿ ಒತ್ತಿದಳು. ಎರಡುನೂರಾ ಹತ್ತು, ಮೇಲೆ ಮುಖ ಮಾಡಿದ ಬಾಣ. ನರ್ಸು ಮಷೀನು ತೆಗೆದು, ಒರೆಸಿ, ಮತ್ತೆ ಇಟ್ಟಳು. ಗಾಳಿ. ಬರೀ ಗಾಳಿ. ಮುನ್ನೂರಾ ಐವತ್ತು. ಫೋನು ಈಗ ನಿಜ ಹೇಳುತ್ತಿತ್ತು, ಗಳಿಗೆ ಗಳಿಗೆಗೆ ಇನ್ನಷ್ಟು ನಿಜ ಹೇಳುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ನರ್ಸು ಡಾಕ್ಟರ ಕಡೆ ನೋಡಿದಳು. ಪರದೆ ಎಳೆದು ದೊಡ್ಡ ಮಷೀನು ತಂದರು. ಬಸವೇಶ್ವರಿಯನ್ನು ಹೊರಗೆ ನಿಲ್ಲಲು ಹೇಳಿದರು.

ಕತ್ತಲಾಗುವ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ತಾಯಿ ಉಳಿಯುತ್ತಾಳೆ, ಎರಡು ಮೂರು ದಿನ ಐಸಿಯುವಿನಲ್ಲಿ ಇರಬೇಕು ಎಂದರು. ಆಮೇಲೆ, "ಕೂಸಿನ ಎದಿ ನಿಂತೈತ್ರಿ," ಎಂದರು. ಯಾವಾಗ ನಿಂತಿತು ಎಂದು ಸಂತೋಷಕುಮಾರ ಕೇಳಿದ. ಇವತ್ತು ಮಧ್ಯಾಹ್ನದ ಮ್ಯಾಲೆ ಇರಬೇಕು, ಖಚಿತ ಹೇಳಾಕ ಬರೂದಿಲ್ಲ ಎಂದರು. ಅವನು ಗೋಡೆಯ ಕಡೆ ತಿರುಗಿ ನಿಂತ. ಸಿದ್ದಲಿಂಗವ್ವ ಬೆಂಚಿನ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ತುರುಕಿಕೊಂಡಳು. ಬಸವೇಶ್ವರಿಗೆ ಅಳು ಬರಲಿಲ್ಲ. ಮಧ್ಯಾಹ್ನದ ಮೇಲೆ ಎಂದರೆ ಯಾವಾಗ? ಐದು ಮಂದಿ ಆರತಿ ಬೆಳಗುವಾಗಲೇ? ಹೋಳಿಗೆ ಬಾಯಿಗಿಡುವಾಗಲೇ? ಪದ್ಮವ್ವ ತೋಳು ಹಿಸುಕಿ ಹೊಗಳಿದಾಗ, ತಾನು ಎರಡು ಹೆಜ್ಜೆ ಮುಂದೆ ಬಂದಾಗ, ಆಗಲೇ? ಅಳೆಯಲು ಅವಳ ಹತ್ತಿರ ಏನೂ ಇರಲಿಲ್ಲ. ನರ್ಸು ಒಂದು ಪ್ಲಾಸ್ಟಿಕ್ ಚೀಲ ತಂದು ಅವಳ ಕೈಗೆ ಕೊಟ್ಟು ಹೋದಳು. ಹಸಿರು ಸೀರೆ, ಅದರ ಮೇಲೆ ಸೀಳಿದ ಕುಬಸ, ಒಡೆದ ನಾಲ್ಕು ಬಳೆ.

ಅವಳ ಸ್ವಂತ ಫೋನು ಬಹಳ ಹೊತ್ತಿನಿಂದ ಸಂಚಿಯ ತಳದಲ್ಲಿ ಒದರುತ್ತಿತ್ತು. ಎತ್ತಿದಳು. ಇಳಕಲ್ಲಿನಿಂದ ಅಬೇದಾ. ಅಂಗಡಿಯ ಬಾಗಿಲು ಹಾಕಿ ಮನೆಗೆ ಹೊರಟಿದ್ದಳೆಂದು ಕಾಣುತ್ತದೆ, ಬೀದಿಯ ಸದ್ದು ಕೇಳುತ್ತಿತ್ತು.

"ಕಾರ್ಯ ಛಲೋ ಆತೇನ್ರಿ ಅಕ್ಕಾರ? ಫೋಟೋ ಕಳಸ್ತೀರಿ ಅಂತ ಮುಂಜಾನಿಂದ ನೋಡಾಕತ್ತೇನಿ. ನನಗ ಒಂದ ಚಿಂತಿ ಆಗಿತ್ತ ನೋಡ್ರಿ, ಆ ತೋಳಿಂದು. ಹೆಂಗ, ಕೂತಿತ್ತೇನ್ರಿ?"

ಬಸವೇಶ್ವರಿ ಚೀಲದ ಬಾಯಿಯನ್ನು ಮುಚ್ಚಿ ಹಿಡಿದಳು.

"ಕೂತಿತ್ತವ್ವ," ಎಂದಳು. "ಭಾಳ ಛಲೋ ಕೂತಿತ್ತು."